ಲಂಚಕ್ಕೆ ಪುಡಿ ಇದೆ, ಏಟಿಗೆ?

ಲೋಕಾಯುಕ್ತ ಪೊಲೀಸರು ಲಂಚಕೋರರನ್ನು ಹಿಡಿಯುವ ಬಗೆ ಕರ್ನಾಟಕದಲ್ಲಿ ಹೆಚ್ಚುಕಡಿಮೆ ಎಲ್ಲರಿಗೂ ಗೊತ್ತು. ದೂರುದಾರ ಒಯ್ಯುವ ನೋಟಿಗೆ ಮೊದಲೇ ಫಿನಾಫ್ತಲಿನ್ ಪುಡಿ ಸವರಿರುತ್ತಾರೆ. ನೋಟು ಕೈ ಬದಲಾಯಿಸಿದ ಕೂಡಲೇ ಪಂಚರ ಸಮೇತ ಒಳನುಗ್ಗಿ, ಆಸಾಮಿಯ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸುತ್ತಾರೆ. ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಆ ನೀರನ್ನು ಬಾಟಲಿಗೆ ತುಂಬಿ, ಸೀಲು ಮಾಡಿ, ಮಹಜರು ಬರೆದುಕೊಳ್ಳುತ್ತಾರೆ. ಮುಂದೆ ಸಾಕ್ಷಿ ತಿರುಗಿ ಬೀಳಬಹುದು, ಅಭಿಯೋಜನೆಗೆ ಅನುಮತಿ ಕೊಡಲು ಸರ್ಕಾರ ಮೀನಮೇಷ ಎಣಿಸಬಹುದು. ಆದರೆ ಬಾಟಲಿ ಮಾತ್ರ ಆರೋಪಿಯ ಇಲಾಖೆಯ ಕೈಗೆ ಸಿಗುವುದಿಲ್ಲ.

ಲಂಚಕ್ಕೆ ಕೈಯೊಡ್ಡದ ಸಬ್ ಇನ್‌ಸ್ಪೆಕ್ಟರೊಬ್ಬ ಅದೇ ದೂರುದಾರನನ್ನು ಲಾಕಪ್ಪಿಗೆ ತಳ್ಳಿ ಅಂಗಾಲಿಗೆ ಲಾಠಿ ಬೀಸಿದನೆನ್ನಿ. ಈಗ ದೂರು ಎಲ್ಲಿ ಕೊಡಬೇಕು? ಅದೇ ಠಾಣೆಯ ರೈಟರ್ ಮುಂದೆ ನಿಂತು ಹೇಳಬೇಕು. ಅಲ್ಲಿ ತೆಗೆದುಕೊಳ್ಳದಿದ್ದರೆ ಎಸ್‌ಪಿ ಕಚೇರಿ. ಅಲ್ಲಿಂದ ಅರ್ಜಿ 'ಪರಿಶೀಲಿಸಿ ವರದಿ ಸಲ್ಲಿಸುವುದು' ಎಂಬ ಷರಾದೊಂದಿಗೆ ಡಿವೈಎಸ್‌ಪಿ ಕಚೇರಿಗೆ ಇಳಿಯುತ್ತದೆ, ಡಿವೈಎಸ್‌ಪಿ ಕಚೇರಿಯಿಂದ ಸಮಜಾಯಿಷಿ ಕೋರಿ ಠಾಣೆಗೆ ವಾಪಸಾಗುತ್ತದೆ. ಅಷ್ಟು ಹೊತ್ತಿಗೆ ಅಂಗಾಲಿನ ಬಾವು ಇಳಿದಿರುತ್ತದೆ.

ಇಂಥ ದೂರುಗಳಿಗೆಂದೇ ಕಾನೂನಿನಲ್ಲಿ ಬೇರೆ ಬಾಗಿಲೊಂದಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? 'ಲೋಕಾಯುಕ್ತಕ್ಕೆ ಹಿಡಿಸ್ತೀನಿ ನೋಡು' ಎಂದು ತಾಲ್ಲೂಕು ಕಚೇರಿಯಲ್ಲಿ ಗದರುವವರನ್ನು ಕಂಡಿದ್ದೇನೆ. 'ಪೊಲೀಸ್ ದೂರು ಪ್ರಾಧಿಕಾರಕ್ಕೆ ಹೋಗ್ತೀನಿ' ಎಂದು ಠಾಣೆಯಲ್ಲಿ ಯಾರಾದರೂ ದನಿಯೆತ್ತಿದ್ದನ್ನು ಕೇಳಿಲ್ಲ. ದನಿಯೆತ್ತಿದರೂ ಎದುರಿನ ದಫೇದಾರರು ಹೆದರುತ್ತಿದ್ದರು ಎನ್ನಲಾರೆ.

ಈ ಪ್ರಾಧಿಕಾರ ಹುಟ್ಟಿದ್ದು ಸುಪ್ರೀಂ ಕೋರ್ಟಿನಲ್ಲಿ. ಗಡಿ ಭದ್ರತಾ ಪಡೆಯ ಮುಖ್ಯಸ್ಥರಾಗಿದ್ದ, ಉತ್ತರ ಪ್ರದೇಶ ಹಾಗೂ ಅಸ್ಸಾಂನಲ್ಲಿ ಪೊಲೀಸ್ ಮಹಾನಿರ್ದೇಶಕರಾಗಿದ್ದ ಪ್ರಕಾಶ್ ಸಿಂಗ್ 1996ರಲ್ಲಿ ಹೂಡಿದ ಅರ್ಜಿಗೆ ಹತ್ತು ವರ್ಷಗಳ ಬಳಿಕ, 2006ರ ಸೆಪ್ಟೆಂಬರ್ 22ರಂದು ತೀರ್ಪು ಬಂತು. ಅದರ ಏಳು ನಿರ್ದೇಶನಗಳಲ್ಲಿ ಆರನೆಯದು ಇದು. ಡಿವೈಎಸ್‌ಪಿ ದರ್ಜೆಯವರೆಗಿನವರ ಮೇಲಿನ ದೂರಿಗೆ ಜಿಲ್ಲಾ ಪ್ರಾಧಿಕಾರ, ಎಸ್‌ಪಿ ಮತ್ತು ಮೇಲಿನವರಿಗೆ ರಾಜ್ಯ ಪ್ರಾಧಿಕಾರ. ತಲೆಯಾಳಾಗಿ ನಿವೃತ್ತ ನ್ಯಾಯಾಧೀಶರಿರಬೇಕು, ಅವರ ಹೆಸರು ಮುಖ್ಯ ನ್ಯಾಯಮೂರ್ತಿಗಳು ಕೊಟ್ಟ ಪಟ್ಟಿಯಿಂದಲೇ ಬರಬೇಕು. ಕಸ್ಟಡಿಯಲ್ಲಿ ಸಾವು, ಅತ್ಯಾಚಾರ, ತೀವ್ರ ಗಾಯ ಇವೆಲ್ಲ ವ್ಯಾಪ್ತಿಗೆ ಬರುತ್ತವೆ. ಜಿಲ್ಲಾ ಮಟ್ಟದಲ್ಲಿ ಸುಲಿಗೆ, ಮನೆ-ಜಮೀನು ಕಬಳಿಕೆಯ ದೂರುಗಳೂ ಸೇರುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರಾಧಿಕಾರದ ಶಿಫಾರಸನ್ನು ಸರ್ಕಾರ ಪಾಲಿಸಲೇಬೇಕು ಎಂದು ಕೋರ್ಟ್ ಬರೆಯಿತು.

ರಾಜ್ಯಗಳು ಈ ತೀರ್ಪನ್ನು ಪಾಲಿಸಿದ ರೀತಿ ಒಂದು ಪ್ರತ್ಯೇಕ ಹಾಸ್ಯ ಪ್ರಬಂಧಕ್ಕಾದೀತು. ಕೆಲವರು ಕಾಯ್ದೆ ಮಾಡಿ ಹುದ್ದೆ ತುಂಬಲಿಲ್ಲ. ಕೆಲವರು ನಿವೃತ್ತ ನ್ಯಾಯಾಧೀಶರ ಕುರ್ಚಿಯಲ್ಲಿ ಹಾಲಿ ಅಧಿಕಾರಿಗಳನ್ನೇ ಕೂರಿಸಿದರು. ಪಾಲನೆ ಗಮನಿಸಲು ಕೋರ್ಟೇ ನೇಮಿಸಿದ ನ್ಯಾಯಮೂರ್ತಿ ಕೆ.ಟಿ. ಥಾಮಸ್ ಸಮಿತಿ 2010ರಲ್ಲಿ ವರದಿ ಕೊಟ್ಟಾಗ, ರಾಜ್ಯಗಳ ಉದಾಸೀನ ಕಂಡು ಬೇಸತ್ತಿತ್ತು. ನಮ್ಮಲ್ಲಿ 2012ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಮತ್ತು ಜಿಲ್ಲಾ ಪ್ರಾಧಿಕಾರಗಳಿಗೆ ಜಾಗ ಮಾಡಿಕೊಟ್ಟರು. ಕಾಗದದ ಮೇಲೆ ನಾವು ಹಿಂದೆ ಬಿದ್ದವರಲ್ಲ.

ಪ್ರಾಧಿಕಾರಕ್ಕೆ ಹಲ್ಲಿಲ್ಲ, ಶಿಕ್ಷಿಸುವ ಅಧಿಕಾರ ಕೊಡಿ ಎಂಬ ಬೇಡಿಕೆ ಪ್ರತಿ ಲಾಕಪ್ ಸಾವಿನ ನಂತರ ಕೇಳಿಬರುತ್ತದೆ. ನನಗೆ ಆ ಬೇಡಿಕೆಯಲ್ಲಿ ಅರ್ಧ ನಂಬಿಕೆ ಮಾತ್ರ. ಎರಡು ವರ್ಷ ಬಿಟ್ಟು ಶಿಕ್ಷೆ ಬರೆಯುವ ಅಧಿಕಾರ ಇದ್ದೇನು ಫಲ, ಅಷ್ಟರಲ್ಲಿ ಓದಲು ಸಾಕ್ಷ್ಯವೇ ಉಳಿದಿರದಿದ್ದರೆ? ಮೊದಲ ಎರಡು ದಿನಗಳಲ್ಲಿ ಠಾಣೆಯೊಳಕ್ಕೆ ಹೋಗಿ ಡೈರಿ, ಲಾಠಿ, ಕ್ಯಾಮೆರಾದ ಹಾರ್ಡ್ ಡಿಸ್ಕ್ ಇವನ್ನು ವಶಕ್ಕೆ ತೆಗೆದುಕೊಳ್ಳುವ ಕೈ ಯಾರದು ಎಂಬುದರ ಮೇಲೆ ಉಳಿದದ್ದೆಲ್ಲ ನಿಂತಿದೆ. ಲೋಕಾಯುಕ್ತದ ಬಲ ಗುಲಾಬಿ ನೀರಿನ ಬಾಟಲಿಯಲ್ಲಿದೆ. 2006ರ ತೀರ್ಪಿಗೂ ಇದು ಹೊಳೆಯದೇ ಇರಲಿಲ್ಲ. ಸಿಐಡಿ, ಗುಪ್ತಚರ, ಜಾಗೃತ ದಳಗಳಿಂದ ನಿವೃತ್ತರಾದ ತನಿಖಾಧಿಕಾರಿಗಳನ್ನು ಪ್ರಾಧಿಕಾರ ಬಳಸಿಕೊಳ್ಳಬಹುದು ಎಂದು ಅದು ಸ್ಪಷ್ಟವಾಗಿ ಹೇಳಿತ್ತು. ಎಲ್ಲರೂ ಮೊದಲು ಮರೆತದ್ದು ಆ ಸಾಲನ್ನೇ.

ಸಾತ್ತಾನ್‌ಕುಳಂ ನೆನಪಿರಬೇಕು. ತಮಿಳುನಾಡಿನ ತೂತ್ತುಕ್ಕುಡಿ ಜಿಲ್ಲೆಯ ಆ ಪಟ್ಟಣದಲ್ಲಿ 2020ರ ಜೂನ್ 19ರಂದು, ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದರೆಂದು ತಂದೆ-ಮಗನನ್ನು ಠಾಣೆಯಲ್ಲಿ ಕೂಡಿಹಾಕಿದರು. ನಾಲ್ಕು ದಿನಗಳೊಳಗೆ ಇಬ್ಬರೂ ಸತ್ತರು. ಮದ್ರಾಸ್ ಹೈಕೋರ್ಟಿನ ಮದುರೈ ಪೀಠದ ಆದೇಶದ ಮೇರೆಗೆ ಕೋವಿಲ್‌ಪಟ್ಟಿಯ ನ್ಯಾಯಿಕ ಮ್ಯಾಜಿಸ್ಟ್ರೇಟರು ವಿಚಾರಣೆಗೆಂದು ಠಾಣೆಗೆ ಹೋದಾಗ ಕಂಡದ್ದೇನು? ಕೇಳಿದ ದಾಖಲೆ, ಲಾಠಿ ಕೊಡಲು ಪೊಲೀಸರು ಸತಾಯಿಸಿದರು. ಒಬ್ಬ ಕಾನ್‌ಸ್ಟೆಬಲ್ ಮ್ಯಾಜಿಸ್ಟ್ರೇಟರನ್ನೇ ಏಕವಚನದಲ್ಲಿ ಹೀಯಾಳಿಸಿದ. ಸಿಸಿಟಿವಿಯ ಹಾರ್ಡ್ ಡಿಸ್ಕ್ ಒಂದು ಟೆರಾಬೈಟ್‌ನದು, ಜಾಗ ಬೇಕಾದಷ್ಟಿತ್ತು. ಆದರೂ ದಿನದಿನದ ದೃಶ್ಯ ತಾನಾಗಿಯೇ ಅಳಿಸಿಹೋಗುವಂತೆ ಸೆಟ್ಟಿಂಗ್ ಮಾಡಿಟ್ಟಿದ್ದರು. ಆ ರಾತ್ರಿಯ ದೃಶ್ಯ ಉಳಿದಿರಲಿಲ್ಲ. ಉಳಿದದ್ದು ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಧೈರ್ಯ ಮಾಡಿ ಹೇಳಿದ ಮಾತು: ರಾತ್ರಿಯಿಡೀ ಹೊಡೆದರು, ಲಾಠಿಗಳಿಗೂ ಮೇಜಿಗೂ ರಕ್ತ ಮೆತ್ತಿತ್ತು.

ಹೈಕೋರ್ಟ್ ಆಗ ಮಾಡಿದ್ದನ್ನು ಗಮನಿಸಿ. ಸಾಕ್ಷ್ಯ ನಾಶವಾಗದಿರಲೆಂದು ಇಡೀ ಠಾಣೆಯನ್ನೇ ಕಂದಾಯ ಇಲಾಖೆಯ ಸುಪರ್ದಿಗೆ ಕೊಡಿಸಿತು. ತಹಸೀಲ್ದಾರ್ ಕಚೇರಿಯವರು ಪೊಲೀಸ್ ಠಾಣೆಗೆ ಕಾವಲು ಕೂತ ದೃಶ್ಯ ಈ ದೇಶ ಅದಕ್ಕೆ ಮುಂಚೆ ಕಂಡಿರಲಾರದು. ಪೊಲೀಸರ ಮೇಲೆ ಹೊರಗಿನವರ ನಿಗಾ ಎಂದರೆ ನನ್ನ ಕಣ್ಣ ಮುಂದೆ ಬರುವುದು ಇದು. ಅಷ್ಟಕ್ಕೆ ಎರಡು ಜೀವ ಹೋಗಬೇಕಾಯಿತು, ಹೈಕೋರ್ಟೇ ತಾನಾಗಿ ಎದ್ದು ನಿಲ್ಲಬೇಕಾಯಿತು.

ಅದೇ ವರ್ಷ ಡಿಸೆಂಬರ್ 2ರಂದು, ಪರಮವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಠಾಣೆಯ ಗೇಟು, ಪಡಸಾಲೆ, ಲಾಕಪ್, ಇನ್‌ಸ್ಪೆಕ್ಟರ್ ಕೊಠಡಿ, ಹಿತ್ತಿಲು ಎಲ್ಲ ಕಡೆ ಕ್ಯಾಮೆರಾ ಹಾಕಿ ಎಂದಿತು. ಕತ್ತಲಲ್ಲೂ ಕಾಣಬೇಕು, ಮಾತೂ ಕೇಳಬೇಕು, 18 ತಿಂಗಳ ದೃಶ್ಯ ಉಳಿದಿರಬೇಕು. ಏಟು ತಿಂದವರಿಗೆ ಆ ದೃಶ್ಯವನ್ನು ಕಾಯ್ದಿರಿಸಿಕೊಳ್ಳುವ ಹಕ್ಕಿದೆ ಎಂದೂ ಬರೆಯಿತು. ಇದರ ಉಸ್ತುವಾರಿಗೆ ಪ್ರತಿ ಜಿಲ್ಲೆಗೊಂದು ಸಮಿತಿ: ಪ್ರಾದೇಶಿಕ ಆಯುಕ್ತರು, ಜಿಲ್ಲಾಧಿಕಾರಿ, ಎಸ್‌ಪಿ, ಜೊತೆಗೆ ಊರಿನ ಮೇಯರ್ ಅಥವಾ ಜಿಲ್ಲಾ ಪಂಚಾಯಿತಿ ಅಧ್ಯಕ್ಷರು.

ನಾಲ್ವರಲ್ಲಿ ಜನ ಆರಿಸಿದ್ದು ಒಬ್ಬರನ್ನೇ. ಕರ್ನಾಟಕದಲ್ಲಿ ಆ ಒಂದು ಕುರ್ಚಿಯ ಗತಿ ಏನಾಯಿತು? ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಬೆಂಗಳೂರಿನ ಪಾಲಿಕೆಗೆ 2020ರ ಸೆಪ್ಟೆಂಬರ್‌ನಿಂದಲೇ ಮೇಯರ್ ಇರಲಿಲ್ಲ. ಅಂದರೆ ಸುಪ್ರೀಂ ಕೋರ್ಟ್ ಆದೇಶ ಬರುವ ಹೊತ್ತಿಗೆ ರಾಜಧಾನಿಯಲ್ಲಿ ಆ ಕುರ್ಚಿ ಖಾಲಿ. ವಾರ್ಡ್ ಮೀಸಲಾತಿ, ಕ್ಷೇತ್ರ ವಿಂಗಡಣೆ ಎಂದು ಚುನಾವಣೆ ಮುಂದೂಡಿದವರು ಲಾಕಪ್ಪಿನ ಕ್ಯಾಮೆರಾದ ಮೇಲಿನ ಕಣ್ಣೊಂದನ್ನೂ ಮುಚ್ಚುತ್ತಿದ್ದಾರೆಂದು ಯಾವ ಪಕ್ಷವೂ ಹೇಳಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ, ರಾಜಸ್ಥಾನದ ಕಸ್ಟಡಿ ಸಾವುಗಳ ಪತ್ರಿಕಾ ವರದಿ ನೋಡಿ, ಠಾಣೆಗಳಲ್ಲಿ ಕ್ಯಾಮೆರಾ ಕೆಲಸ ಮಾಡುತ್ತಿಲ್ಲವೆಂದು ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಳ್ಳಬೇಕಾಗಿ ಬಂತು.

ಸಾಕ್ಷ್ಯ ಉಳಿಯಿತೆಂದೇ ಇಟ್ಟುಕೊಳ್ಳೋಣ. ಪ್ರಾಧಿಕಾರವೂ ಕ್ರಿಮಿನಲ್ ಮೊಕದ್ದಮೆ ಹೂಡಿ ಎಂದು ಬರೆಯಿತು. ಆಗ ಎದುರಾಗುವುದು ಕರ್ನಾಟಕ ಪೊಲೀಸ್ ಕಾಯ್ದೆ, 1963ರ 170ನೇ ಕಲಂ. ಕರ್ತವ್ಯದ ಹೆಸರಿನಲ್ಲಿ ಮಾಡಿದ, ಅಷ್ಟೇ ಅಲ್ಲ, ಕರ್ತವ್ಯದ ಮಿತಿ ಮೀರಿ ಮಾಡಿದ ಕೃತ್ಯಕ್ಕೂ ಪೊಲೀಸರ ಮೇಲೆ ಮೊಕದ್ದಮೆ ಹೂಡಲು ಸರ್ಕಾರದ ಪೂರ್ವಾನುಮತಿ ಬೇಕು ಎನ್ನುತ್ತದೆ ಅದು. ದೇಶಕ್ಕೆಲ್ಲ ಅನ್ವಯಿಸುತ್ತಿದ್ದ ದಂಡ ಪ್ರಕ್ರಿಯಾ ಸಂಹಿತೆಯ 197ನೇ ಕಲಂ ಸಾಮಾನ್ಯವಾಗಿ ಕಾಪಾಡುತ್ತಿದ್ದುದು ಸರ್ಕಾರ ಮಾತ್ರ ವಜಾ ಮಾಡಬಲ್ಲ ಮೇಲಧಿಕಾರಿಗಳನ್ನು. ನಮ್ಮ 170ರ ಕೊಡೆ ಕಾನ್‌ಸ್ಟೆಬಲ್‌ವರೆಗೂ ಚಾಚಿದೆ.

2020ರ ಜೂನ್‌ನಲ್ಲಿ ಸುಪ್ರೀಂ ಕೋರ್ಟಿಗೆ ಹೋಗಿದ್ದು ಕರ್ನಾಟಕದ್ದೇ ಪ್ರಕರಣ. ಕಸ್ಟಡಿಯಲ್ಲಿ ಪೊಲೀಸ್ ಅಧಿಕಾರಿ ಹೊಡೆದರೆಂದು ಒಬ್ಬರು ಖಾಸಗಿ ದೂರು ಹೂಡಿದ್ದರು. ಕೃತ್ಯಕ್ಕೂ ಕರ್ತವ್ಯಕ್ಕೂ ಸಮಂಜಸವಾದ ನಂಟಿದ್ದರೆ ಮಿತಿ ಮೀರಿದ್ದಷ್ಟೇ ಕಾರಣಕ್ಕೆ ರಕ್ಷಣೆ ತಪ್ಪುವುದಿಲ್ಲ, ಅನುಮತಿ ಬೇಕೇ ಬೇಕು ಎಂದು ಕೋರ್ಟ್ ದೂರನ್ನು ರದ್ದುಮಾಡಿತು. 197ರ ಜಾಗಕ್ಕೆ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಕಲಂನಲ್ಲಿ ಒಂದು ಒಳ್ಳೆಯ ಸಂಗತಿ ಇದೆ. 120 ದಿನಗಳಲ್ಲಿ ಸರ್ಕಾರ ತೀರ್ಮಾನಿಸದಿದ್ದರೆ ಅನುಮತಿ ಕೊಟ್ಟಂತೆಯೇ ಲೆಕ್ಕ. ನಮ್ಮ 170ರಲ್ಲಿ ಅಂಥ ಗಡುವಿಲ್ಲ. ಹೀಗಾಗಿ ದೆಹಲಿಯ ಬಾಗಿಲು ತೆರೆದರೂ ವಿಧಾನಸೌಧದ ಚಿಲಕ ಹಾಗೆಯೇ ಇರುತ್ತದೆ. ಸದನದಲ್ಲಿ ಒಂದು ಸಾಲಿನ ತಿದ್ದುಪಡಿಯಿಂದ ಆಗುವ ಕೆಲಸ ಇದು.

ಮಾನವ ಹಕ್ಕುಗಳ ಆಯೋಗ ಇದೆಯಲ್ಲ ಎನ್ನುವವರಿಗೆ: ಘಟನೆ ನಡೆದು ವರ್ಷ ಕಳೆದರೆ ಆಯೋಗ ಕೈಹಾಕುವಂತಿಲ್ಲ, 1993ರ ಕಾಯ್ದೆಯ 36ನೇ ಕಲಂ ಅಡ್ಡ ಬರುತ್ತದೆ. ಆಯೋಗದ ಶಿಫಾರಸಿಗೆ ಸರ್ಕಾರ ಕಟ್ಟುಬಿದ್ದಿದೆ ಎಂದು ಮದ್ರಾಸ್ ಹೈಕೋರ್ಟಿನ ಪೂರ್ಣಪೀಠ 2021ರಲ್ಲಿ ಹೇಳಿದೆ. ಬೇರೆ ರಾಜ್ಯದ ಸರ್ಕಾರಗಳಿಗೆ ಅದು ಬರೀ ಓದಿ ಬದಿಗಿಡುವ ತೀರ್ಪು.

ಅಮೆರಿಕದಲ್ಲಿ ಎಲ್ಲ ಸರಿಯಿದೆ ಎಂಬ ಭ್ರಮೆಯೂ ಬೇಡ. ನ್ಯೂಯಾರ್ಕ್ ನಗರದಲ್ಲಿ 1993ರಿಂದ ಪೂರ್ತಿ ನಾಗರಿಕರೇ ಇರುವ ದೂರು ಪರಿಶೀಲನಾ ಮಂಡಳಿ ಇದೆ, ಅದಕ್ಕೆ ಸ್ವಂತ ತನಿಖಾಧಿಕಾರಿಗಳಿದ್ದಾರೆ. ಆದರೂ ಶಿಸ್ತುಕ್ರಮದ ಕೊನೆಯ ಮಾತು ಪೊಲೀಸ್ ಕಮಿಷನರದು. 2014ರ ಜುಲೈನಲ್ಲಿ ಎರಿಕ್ ಗಾರ್ನರ್ ಎಂಬ ಕಪ್ಪು ವ್ಯಕ್ತಿಯ ಕತ್ತು ಹಿಸುಕಿದ ಅಧಿಕಾರಿ ಕೆಲಸ ಕಳೆದುಕೊಂಡದ್ದು 2019ರ ಆಗಸ್ಟ್‌ನಲ್ಲಿ. ಅಲ್ಲೂ ಪೊಲೀಸರ ಅಂಗಿಗೆ ಸಿಕ್ಕಿಸಿದ ಕ್ಯಾಮೆರಾದ ದೃಶ್ಯ ವರ್ಷಗಟ್ಟಲೆ ಮಂಡಳಿಗೆ ನೇರವಾಗಿ ಸಿಗುತ್ತಿರಲಿಲ್ಲ, ಪೊಲೀಸ್ ಇಲಾಖೆಯನ್ನೇ ಕೇಳಿ ಕಾಯಬೇಕಿತ್ತು. ಗಂಟು ಅಲ್ಲೂ ಇಲ್ಲೂ ಒಂದೇ ಜಾಗದಲ್ಲಿದೆ.

ಪೊಲೀಸರ ಮಾತೂ ಇದೆ, ಅದು ಹಗುರದ್ದಲ್ಲ. 2023ರ ನವೆಂಬರ್ ಕೊನೆಯಲ್ಲಿ ಚಿಕ್ಕಮಗಳೂರಿನಲ್ಲಿ ಹೆಲ್ಮೆಟ್ ವಿಚಾರಕ್ಕೆ ಯುವ ವಕೀಲರೊಬ್ಬರಿಗೆ ಠಾಣೆಯಲ್ಲಿ ಹೊಡೆದರೆಂದು ವಕೀಲರು ಕಲಾಪ ಬಹಿಷ್ಕರಿಸಿದರು, ಸಿಬ್ಬಂದಿ ಅಮಾನತಾದರು. ಮರುದಿನಗಳಲ್ಲಿ ಸಮವಸ್ತ್ರದವರೇ ಬೀದಿಗಿಳಿದು ತಮಗೆ ಅನ್ಯಾಯವಾಗಿದೆಯೆಂದು ಕೂಗಿದರು. ಶಿಸ್ತಿನ ಪಡೆ ಹೀಗೆ ಪ್ರತಿಭಟಿಸುವುದು ಸರಿಯಲ್ಲ, ನಿಜ. ಆದರೆ ಅಮಾನತು ಎಂಬುದು ಗಲಾಟೆ ತಣಿಸಲು ಮೇಲಿನವರು ಕೆಳಗಿನವರ ತಲೆಗೆ ಕಟ್ಟುವ ಶಿಕ್ಷೆ ಎಂಬ ಅವರ ಅನುಮಾನಕ್ಕೆ ಕಾರಣವಿಲ್ಲದಿಲ್ಲ. ಬಂದೋಬಸ್ತಿನಿಂದ ಬಂದು ನಿದ್ದೆಗೆಟ್ಟ ಕಾನ್‌ಸ್ಟೆಬಲ್ ಮೇಲೆ ಸುಳ್ಳು ದೂರು ಬಂದಾಗ ಅವನನ್ನು ಕಾಪಾಡುವುದೂ ಅದೇ ಹಾರ್ಡ್ ಡಿಸ್ಕ್. ಅದು ಠಾಣಾಧಿಕಾರಿಯ ಬೀರುವಿನಲ್ಲಿರದೆ ಹೊರಗಿನವರ ಸುಪರ್ದಿಯಲ್ಲಿದ್ದರೆ ಅವನ ಮಾತಿಗೂ ತೂಕ ಬರುತ್ತದೆ.

ವಕೀಲರಿಗೆ ವಕೀಲರ ಸಂಘ ಇದೆ. 2023ರ ಜನವರಿಯಲ್ಲಿ ದಕ್ಷಿಣ ಕನ್ನಡದ ಇನ್ನೊಬ್ಬ ಯುವ ವಕೀಲರಿಗೆ ಅಕ್ರಮ ಬಂಧನಕ್ಕಾಗಿ ಹೈಕೋರ್ಟ್ 3 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ತಪ್ಪಿತಸ್ಥರಿಂದಲೇ ವಸೂಲಿ ಮಾಡಲು ಹೇಳಿತು. ಗಾರೆ ಕೆಲಸದವನಿಗೆ ಹೈಕೋರ್ಟಿನ ಮೆಟ್ಟಿಲು ದೂರ.

ಅಂಥವರ ಜೊತೆ ಠಾಣೆಗೆ ಹೋಗುವವರು ಒಂದು ಕೆಲಸ ಮಾಡಬಹುದು. ಬಿಟ್ಟು ಬಂದ ದಿನವೇ ಸರ್ಕಾರಿ ಆಸ್ಪತ್ರೆಯಲ್ಲಿ ಗಾಯದ ದಾಖಲೆ ಮಾಡಿಸಿ. 2020ರ ಡಿಸೆಂಬರ್ 2ರ ತೀರ್ಪನ್ನು ಹೆಸರಿಸಿ, ಇಂಥ ದಿನ ಇಂಥ ಹೊತ್ತಿನಿಂದ ಇಂಥ ಹೊತ್ತಿನವರೆಗಿನ ದೃಶ್ಯ ಅಳಿಸದೆ ಕಾಯ್ದಿರಿಸಿ ಎಂದು ಠಾಣಾಧಿಕಾರಿಗೆ ಅರ್ಜಿ ಬರೆಯಿರಿ, ಪ್ರತಿಯನ್ನು ಎಸ್‌ಪಿಗೂ ಜಿಲ್ಲಾಧಿಕಾರಿಗೂ ಕಳುಹಿಸಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಕ್ಯಾಮೆರಾ ಕೆಟ್ಟಿತ್ತು ಎಂದರೆ ಅದನ್ನೇ ಹಿಂಬರಹವಾಗಿ ಬರೆದುಕೊಡಲು ಕೇಳಿ. ಕ್ಯಾಮೆರಾ ಸುಸ್ಥಿತಿಯಲ್ಲಿಡುವ ಹೊಣೆಯನ್ನು ಆ ತೀರ್ಪು ಠಾಣಾಧಿಕಾರಿಯ ಮೇಲೆಯೇ ಹೊರಿಸಿದೆ. ಹಾಗಾಗಿ ಆ ಹಿಂಬರಹಕ್ಕೆ ಸಹಿ ಹಾಕುವ ಮುನ್ನ ಅವರು ಎರಡು ಸಲ ಯೋಚಿಸಬೇಕಾಗುತ್ತದೆ.