ತಾಳ್ಮೆಯ ಉಪದೇಶ ಡ್ರೈವರನಿಗೆ ಮಾತ್ರವೇ?



ಬೆಳಿಗ್ಗೆ ಜೀಪು ಹತ್ತುವ ನಮಗೆಲ್ಲ ಒಂದು ಮಾತು ಬಾಯಿಪಾಠವಾಗಿದೆ: "ಆ ಡ್ರೈವರನಿಗೆ ತಾಳ್ಮೆಯೇ ಇಲ್ಲ." ಬಸ್ಸಿನ ಹಿಂದೆ ಒಂದು ನಿಮಿಷ ನಿಲ್ಲಲಾರ, ಕುರುಡು ತಿರುವಿನಲ್ಲಿ ಹಾರನ್ ಒತ್ತಿಕೊಂಡೇ ನುಗ್ಗುತ್ತಾನೆ, ಇಳಿಜಾರಿನಲ್ಲಿ ಗೇರು ತಪ್ಪಿಸಿ ಡೀಸೆಲ್ ಉಳಿಸುತ್ತಾನೆ. ಇದೆಲ್ಲ ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಅವನ ತಾಳ್ಮೆಯನ್ನು ಕಿತ್ತುಕೊಂಡವರು ಯಾರೆಂದು ಕೇಳದೆ ಅವನೊಬ್ಬನಿಗೇ ಬುದ್ಧಿ ಹೇಳುವುದು ಅನ್ಯಾಯ. ಅದರಿಂದ ಒಂದು ಜೀವವೂ ಉಳಿಯದು.

ಕಳೆದ ಮಳೆಗಾಲದಲ್ಲಿ ನಾವು ಕೆಲವರು ಒಂದು ವಾರ ತೋಟಕ್ಕೆ ಹೋಗುವ ಹೆಂಗಸರ ಜೊತೆಯಲ್ಲಿಯೇ ಜೀಪಿನಲ್ಲಿ ಹೋಗಿಬಂದೆವು. ಸೀಟು 8. ಎಣಿಸಿದರೆ 17 ತಲೆ, ಹಿಂದಿನ ಮೆಟ್ಟಿಲಲ್ಲಿ ಜೋತುಬಿದ್ದ ಇಬ್ಬರು ಹುಡುಗರು ಬೇರೆ. ಮಸ್ಟರು 8 ಗಂಟೆಗೆ. ಹತ್ತು ನಿಮಿಷ ತಡವಾಗಿ ಹೋದವಳಿಗೆ ಅರ್ಧ ಹಾಜರಿ. ಅದಕ್ಕೂ ತಡವಾದರೆ ಮನೆಗೆ ವಾಪಸ್ಸು. ಡ್ರೈವರನಿಗೆ ತಿಂಗಳ ಸಂಬಳವಿಲ್ಲ, ಟ್ರಿಪ್ಪಿನ ಲೆಕ್ಕ. ಮಸ್ಟರಿಗೆ ಮುಂಚೆ ಮೂರು ಟ್ರಿಪ್ಪು ಮುಗಿಸಬೇಕು. ಒಂದು ದಿನ ಮಂಜು ಕವಿದು ಮೊದಲನೇ ಟ್ರಿಪ್ಪೇ 20 ನಿಮಿಷ ತಡವಾಯಿತು. ಆ 20 ನಿಮಿಷವನ್ನು ಅವನು ಎಲ್ಲಿಂದ ತರಬೇಕು? ತಿರುವುಗಳಿಂದಲೇ ತಂದ. ಮೂರನೇ ಟ್ರಿಪ್ಪಿನಲ್ಲಿ ಜೀಪಿನ ತಗಡು ಬಡಿಯುತ್ತಾ "ಬೇಗ ಬಿಡಣ್ಣಾ, ಹಾಜರಿ ಹೋಗುತ್ತೆ" ಎಂದು ಕೂಗಿದವರು ನಮ್ಮ ಹೆಂಗಸರೇ. ಕೂಗಬೇಡಿರೆಂದು ಹೇಳಲು ನಮಗೂ ಬಾಯಿ ಬರಲಿಲ್ಲ. ಅರ್ಧ ದಿನದ ಕೂಲಿಯೆಂದರೆ ಆ ಮನೆಯ ಅಕ್ಕಿ.

ಡ್ರೈವರರಿಗೆ ದಾರಿಯ ಧರ್ಮ ತಿಳಿಯದೆಂದಲ್ಲ. ಎರಡು ಗಾಡಿ ಹಾಯಲಾಗದ ಬೆಟ್ಟದ ದಾರಿಯಲ್ಲಿ ಇಳಿಯುವ ಗಾಡಿ ನಿಂತು ಹತ್ತುವ ಗಾಡಿಗೆ ದಾರಿ ಬಿಡಬೇಕು. 2017ರ ಚಾಲನಾ ನಿಯಮಗಳಲ್ಲಿಯೂ ಇದು ಇದೆ. ಹತ್ತಿದ ಗೇರಿನಲ್ಲೇ ಇಳಿಯಬೇಕೆಂಬುದು ಹಳಬರ ಮಾತು. ಬರೀ ಬ್ರೇಕನ್ನೇ ನಂಬಿ ಇಳಿದರೆ ಡ್ರಮ್ಮು ಕಾದು, ಕೆಳಗಿನ ತಿರುವಿನಲ್ಲಿ ಪೆಡಲನ್ನು ಎಷ್ಟು ತುಳಿದರೂ ಹಿಡಿತ ಸಿಗದು. ಭಾರ ಹೆಚ್ಚಿದಷ್ಟೂ ಈ ಕಾವು ಬೇಗ ಏರುತ್ತದೆ. ಸಣ್ಣ ಗೇರಿನಲ್ಲಿ ನಿಧಾನವಾಗಿ ಇಳಿಯಲು ಬೇಕಾದದ್ದು ಸಮಯ. ಆ ಸಮಯಕ್ಕೆ ಕೂಲಿ ಕೊಡುವವರಿಲ್ಲ.

2023ರ ಆಗಸ್ಟ್ 25ರಂದು ವಯನಾಡಿನ ತಲಪ್ಪುಳದ ಬಳಿ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ಚಹಾತೋಟದ ಹೆಂಗಸರ ಜೀಪು ಕಮರಿಗೆ ಬಿದ್ದು 9 ಮಂದಿ ತೀರಿಕೊಂಡರು. ಒಂಬತ್ತೂ ಜನ ಹೆಂಗಸರೇ. ಅಂದು ಸಂಜೆ ನಮ್ಮ ಪಾಡಿಗಳಲ್ಲಿ ಎದ್ದ ಮೊದಲ ಪ್ರಶ್ನೆ "ಓಡಿಸಿದವ ಯಾರು?" ಎಂಬುದು. ತೋಟದ ಹೆಂಗಸರಿಗೆ ಒಂದು ಬಸ್ಸು ಏಕಿಲ್ಲ ಎಂದು ಕೇಳಿದವರು ನಮ್ಮಲ್ಲಿ ಎಷ್ಟು ಮಂದಿ?

ಕಾನೂನೂ ಮೊದಲು ಹಿಡಿಯುವುದು ಡ್ರೈವರನನ್ನೇ. 2019ರ ತಿದ್ದುಪಡಿಯಂತೆ ಹೆಚ್ಚುವರಿ ತಲೆಯೊಂದಕ್ಕೆ 200 ರೂಪಾಯಿ ದಂಡ. ಜೀಪು ತುಂಬಿಸಿ ಕಳಿಸೆಂದು ಹೇಳಿದವರ ಕಿಸೆಯಿಂದ ಒಂದು ಕಾಸು ಹೋದದ್ದನ್ನೂ ನಾವು ಕಂಡಿಲ್ಲ. ನಾವು ಆಫೀಸಿಗೆ ಹೋಗಿ ಕೇಳಿದಾಗ ಬಂದ ಉತ್ತರ: "ಗೇಟಿನಿಂದ ಆಚೆ ನಡೆದದ್ದಕ್ಕೆ ನಾವು ಹೊಣೆಯಲ್ಲ." ಈ ಉತ್ತರಕ್ಕೆ ಈಗ ಬೆಲೆಯಿಲ್ಲ. 2003ರಲ್ಲಿ ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರನೊಬ್ಬ ಡ್ಯೂಟಿಗೆ ಹೋಗುವ ದಾರಿಯಲ್ಲಿ ಅಪಘಾತದಿಂದ ಸತ್ತಿದ್ದ. ಅವನ ಮನೆಯವರ ಮೊಕದ್ದಮೆಯಲ್ಲಿ 2025ರ ಜುಲೈ 29ರಂದು ಸುಪ್ರೀಂ ಕೋರ್ಟು, ಸಮಯ, ಜಾಗ, ಸನ್ನಿವೇಶಗಳಿಂದ ಕೆಲಸಕ್ಕೆ ಸಂಬಂಧವಿದ್ದರೆ ಮನೆಗೂ ಕೆಲಸದ ಜಾಗಕ್ಕೂ ನಡುವಿನ ದಾರಿಯ ಅಪಘಾತವೂ ಕೆಲಸದ ಅಪಘಾತವೇ ಎಂದು ತೀರ್ಪು ಕೊಟ್ಟಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇದೇ ಮಾತು ಇದೆ. ದಾರಿಯ ಸಾವು ಕೆಲಸದ ಲೆಕ್ಕಕ್ಕೆ ಸೇರುವುದಾದರೆ ದಾರಿಯ ಅವಸರ ಯಾರ ಲೆಕ್ಕಕ್ಕೆ?

ಡ್ರೈವರರು ಕುರಿಮರಿಗಳೆಂದು ನಾವು ಹೇಳುತ್ತಿಲ್ಲ. ಒಂದು ಕೈಯಲ್ಲಿ ಮೊಬೈಲು ಹಿಡಿದು ಓಡಿಸುವವನಿಗೂ, ಭಾನುವಾರ ಖಾಲಿ ಜೀಪನ್ನು ಹಾಗೆಯೇ ಹಾರಿಸುವ ಹುಡುಗನಿಗೂ ಮಸ್ಟರಿನ ನೆಪವಿಲ್ಲ. ಅಂಥವನನ್ನು ನಾವು ಬಯ್ಯುತ್ತೇವೆ, ಅವನ ತಾಯಿಯ ಮುಂದೆಯೇ ಬಯ್ಯುತ್ತೇವೆ.

ಮಳೆಗಾಲದಲ್ಲಿ ಮಸ್ಟರಿಗೆ ಅರ್ಧ ಗಂಟೆ ಸಡಿಲು ಕೊಡಲಿ. ಡ್ರೈವರನಿಗೆ ಟ್ರಿಪ್ಪಿನ ಲೆಕ್ಕ ಬಿಟ್ಟು ತಿಂಗಳ ಸಂಬಳ ಕೊಡಲಿ. ಸೀಟಿಗೆ ಒಬ್ಬರಂತೆ ಇನ್ನೊಂದು ಗಾಡಿ ಹಾಕಲಿ. ಖರ್ಚೆಂದು ಮುಖ ಸಿಂಡರಿಸುವವರು ಒಂದು ಸೋಮವಾರ ನಮ್ಮೊಡನೆ ಹಿಂದಿನ ಮೆಟ್ಟಿಲಲ್ಲಿ ನಿಂತು ಬರಲಿ, ಜಾಗ ಮಾಡಿಕೊಡುತ್ತೇವೆ. ಬಾಯಿಮಾತನ್ನು ಯಾರೂ ನಂಬರು. ಆದ್ದರಿಂದ ಈ ತಿಂಗಳಿಂದ ಪ್ರತಿ ಪಾಡಿಯಲ್ಲಿ ಅಕ್ಷರ ಬಲ್ಲ ಒಬ್ಬಳು ಹೆಣ್ಣುಮಗಳು ಒಂದು ನೋಟುಬುಕ್ಕಿನಲ್ಲಿ ಜೀಪು ಹೊರಟ ಹೊತ್ತು, ತಲೆಗಳ ಸಂಖ್ಯೆ, ಗೇಟು ಮುಟ್ಟಿದ ಹೊತ್ತು, ಯಾರಿಗೆ ಅರ್ಧ ಹಾಜರಿ ಬಿತ್ತು ಎಂಬುದನ್ನು ಬರೆದಿಡಲಿ. ಡ್ರೈವರನಿಂದಲೂ ಸಹಿ ಹಾಕಿಸಿ. ಮುಂದಿನ ಮಾತುಕತೆಯ ದಿನ ಆ ಪುಸ್ತಕಗಳನ್ನು ಮೇಜಿನ ಮೇಲಿಡುತ್ತೇವೆ.