ಸಿಸ್ಟರಿಗೆ ಗೊತ್ತು, ಆದರೆ ಬರೆಯುವಂತಿಲ್ಲ

ಮೊನ್ನೆ ಅತ್ತೆಯವರನ್ನೂ ಮಗಳ ಕೂಸನ್ನೂ ಒಟ್ಟಿಗೇ ಆಸ್ಪತ್ರೆಗೆ ಕರೆದೊಯ್ದಿದ್ದೆ. ಅತ್ತೆಗೆ ಸಕ್ಕರೆ ಕಾಯಿಲೆಯ ಕಾಲುಹುಣ್ಣು, ಕೂಸಿಗೆ ಭೇದಿ. ಸಿಸ್ಟರ್ ಕೂಸಿಗೆ ಓ.ಆರ್.ಎಸ್. ಕುಡಿಸಿದರು, ಹುಣ್ಣು ತೊಳೆದು ಪಟ್ಟಿ ಕಟ್ಟಿದರು. "ಯಾವ ಮಾತ್ರೆ ಅಂತ ನನಗೂ ಗೊತ್ತಮ್ಮ, ಬರೆಯೋಕೆ ಡಾಕ್ಟರೇ ಬರಬೇಕು" ಎಂದರು. ಡಾಕ್ಟರು ಬಂದದ್ದು ಮಧ್ಯಾಹ್ನ ಎರಡೂವರೆಗೆ. ಬರೆದದ್ದು ಸಿಸ್ಟರ್ ಹೇಳಿದ್ದನ್ನೇ!

1965ರಲ್ಲೇ ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರೊಡನೆ ಸೇರಿ 'ನರ್ಸ್ ಪ್ರಾಕ್ಟಿಷನರ್' ಶಿಕ್ಷಣ ಆರಂಭಿಸಿದರು. ಮೊದಲು ಮಕ್ಕಳಿಗಷ್ಟೇ. ಈಗ ಅಲ್ಲಿ ಹಸುಗೂಸಿನಿಂದ ಹಣ್ಣುಮುದುಕರವರೆಗೆ ಇಡೀ ಕುಟುಂಬವನ್ನು ನೋಡಲು ಕಲಿಸುವ ಸ್ನಾತಕೋತ್ತರ ಓದಿದೆ; ಓದಿದವರು ಔಷಧಿಯನ್ನೂ ಬರೆಯುತ್ತಾರೆ.

ನಮ್ಮ ಭಾರತೀಯ ನರ್ಸಿಂಗ್ ಕೌನ್ಸಿಲ್ 2017ರ ಹೊತ್ತಿಗೆ ತಂದ ಎರಡು ವರ್ಷದ ಕೋರ್ಸು ಐ.ಸಿ.ಯು. ರೋಗಿಗಳ ಆರೈಕೆಗೆ. ಬೇಡವೆನ್ನುವುದಿಲ್ಲ. ಆದರೆ ಐ.ಸಿ.ಯು. ಸೇರುವ ಮುಂಚೆ ನಾವು ಎಷ್ಟು ವರ್ಷ ಹೊರರೋಗಿಗಳ ಬೆಂಚಿನ ಮೇಲೆ ಕೂತಿರುತ್ತೇವೆ! ಕೂಸು, ಬಸುರಿ, ಮುದುಕಿ ಒಂದೇ ಮನೆಯಲ್ಲಿರುವಾಗ ಮೂವರನ್ನೂ ನೋಡಬಲ್ಲ ಓದು ತಾಲ್ಲೂಕಿಗೇಕೆ ಬರಬಾರದು?

ನರ್ಸ್ ಔಷಧಿ ಬರೆದರೆ ಅಪಾಯವಂತೆ. ಓದಿಸದೆ ಬರೆಸಿದರೆ ನಿಜ, ಓದಿಸಿ ಎಂದೇ ನಾನು ಹೇಳುವುದು. ನಡುರಾತ್ರಿ ಹೆರಿಗೆ ಮಾಡಿಸುವುದು ಇದೇ ಸಿಸ್ಟರ್ ಅಲ್ಲವೇನ್ರೀ? ಆಗ ಯಾರಿಗೂ ಅಪಾಯದ ನೆನಪಾಗುವುದಿಲ್ಲ. ಓದಿದ ಮೇಲೆ ತಕ್ಕ ಹುದ್ದೆ, ಸಂಬಳ, ಬರೆಯುವ ಹಕ್ಕನ್ನೂ ಕೊಡಬೇಕು. ಬರಿಯ ಸರ್ಟಿಫಿಕೇಟು ಕೈಗಿತ್ತು ಹಳೆಯ ವಾರ್ಡಿಗೇ ಕಳಿಸಿದರೆ ನಮ್ಮ ಹುಡುಗಿಯರು ವಿಮಾನ ಹತ್ತುತ್ತಾರೆ.