ಮೊದಲ ಐದು ದಿನ ಆಸ್ಪತ್ರೆಗೆ ಸೇರಿದ್ದು

ಕುಡಿತ ಬಿಡಿಸುವ ಚಿಕಿತ್ಸೆ ಬೀಗ ಜಡಿದ ಬಾಡಿಗೆ ಕಟ್ಟಡಗಳಿಂದ ಸರ್ಕಾರಿ ವಾರ್ಡುಗಳಿಗೆ ಬರಬೇಕು

2020ರ ಮಾರ್ಚ್ ಕೊನೆಯ ವಾರ ರಾಜ್ಯದ ಮದ್ಯದಂಗಡಿಗಳು ರಾತ್ರೋರಾತ್ರಿ ಬಾಗಿಲು ಮುಚ್ಚಿದವು. ಇನ್ನಾದರೂ ಕುಡುಕರು ಸರಿದಾರಿಗೆ ಬಂದಾರು ಎಂದು ಹಿಗ್ಗಿದವರು ಬಹಳ. ಆಸ್ಪತ್ರೆಗಳು ಕಂಡದ್ದೇ ಬೇರೆ. ಬೆಂಗಳೂರಿನ ಹಲವು ಆಸ್ಪತ್ರೆಗಳ ಅಂಕಿಅಂಶ ಆಧರಿಸಿದ ಅಧ್ಯಯನವೊಂದರ ಪ್ರಕಾರ, ಮದ್ಯ ನಿಂತಿದ್ದರಿಂದ ತೀವ್ರವಾಗಿ ಅಸ್ವಸ್ಥರಾಗಿ ಬಂದವರ ಸಂಖ್ಯೆ ದಿನಕ್ಕೆ ಸರಾಸರಿ 4ರಿಂದ 8ಕ್ಕೆ ಏರಿತು. ಕುಡಿತ ಕೊಲ್ಲುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹಠಾತ್ತನೆ ಬಿಟ್ಟರೂ ಜೀವ ಹೋಗಬಹುದು ಎಂಬುದು ಗೊತ್ತಿರುವವರು ಕಡಿಮೆ.

ವರ್ಷಗಟ್ಟಲೆ ನಿತ್ಯ ಕುಡಿದವರ ಮಿದುಳು ಮದ್ಯದ ಮಂಪರನ್ನು ಸರಿದೂಗಿಸಲು ತನ್ನನ್ನು ತಾನೇ ಉದ್ರೇಕದಲ್ಲಿ ಇಟ್ಟುಕೊಂಡಿರುತ್ತದೆ. ಮದ್ಯ ನಿಂತರೆ ಆ ಉದ್ರೇಕಕ್ಕೆ ತಡೆಯೇ ಇರುವುದಿಲ್ಲ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ. ಎರಡು ದಿನದೊಳಗೆ ಕೆಲವರಿಗೆ ಫಿಟ್ಸ್. ಎರಡರಿಂದ ನಾಲ್ಕನೇ ದಿನದ ನಡುವೆ ಇನ್ನು ಕೆಲವರಿಗೆ ಡೆಲಿರಿಯಂ: ಮೈಮೇಲೆ ಹುಳ ಹರಿದಂತೆ ಕೊಡವಿಕೊಳ್ಳುತ್ತಾರೆ, ಎಲ್ಲಿದ್ದೇವೆಂದೇ ತಿಳಿಯದೆ ಬಾಗಿಲತ್ತ ಓಡುತ್ತಾರೆ. ಇದನ್ನು ಹಟವೆಂದೋ ನಾಟಕವೆಂದೋ ಬಗೆದು ಕೋಣೆಗೆ ಕೂಡಿದರೆ ಅಪಾಯ ಇಮ್ಮಡಿಯಾಗುತ್ತದೆ.

ಚಿಕಿತ್ಸೆ ದುಬಾರಿಯಲ್ಲ. ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಮಾತ್ರೆಯನ್ನು ಲಕ್ಷಣ ನೋಡಿ ಕೊಟ್ಟು, ಐದಾರು ದಿನಗಳಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್. ಗ್ಲೂಕೋಸ್ ಏರಿಸುವ ಮುನ್ನ ಥಯಮಿನ್ ಚುಚ್ಚುಮದ್ದು ಬೇಕೇ ಬೇಕು. ತಪ್ಪಿದರೆ ಮಿದುಳಿಗೆ ಶಾಶ್ವತ ಹಾನಿಯಾಗಬಹುದು. ಎಲ್ಲರೂ ದಾಖಲಾಗಬೇಕಿಲ್ಲ, ಹಿಂದೆ ಫಿಟ್ಸ್ ಅಥವಾ ಡೆಲಿರಿಯಂ ಬಂದವರು, ಬೇರೆ ಕಾಯಿಲೆ ಇರುವವರು, ಮನೆಯಲ್ಲಿ ನೋಡಿಕೊಳ್ಳುವವರಿಲ್ಲದವರು ಮಾತ್ರ ಆಸ್ಪತ್ರೆಯಲ್ಲೇ ಇರಬೇಕು. ತರಬೇತಿ ಪಡೆದ ವೈದ್ಯರು, ರಾತ್ರಿಯೂ ನಾಡಿ ನೋಡುವ ನರ್ಸ್ ಇದ್ದರೆ ಇದು ಸಾಮಾನ್ಯ ಆಸ್ಪತ್ರೆಯಲ್ಲೇ ಆಗುವ ಕೆಲಸ.

ಈಗ ಉತ್ತರ ಬೆಂಗಳೂರನ್ನು ನೋಡಿ. ಹೆಬ್ಬಾಳದ ಸುತ್ತ ದೊಡ್ಡ ಖಾಸಗಿ ಆಸ್ಪತ್ರೆಗಳಿವೆ. ಹಣವಿದ್ದವರಿಗೆ ಅಲ್ಲಿ ದಾರಿಯಿದೆ. ಯಶವಂತಪುರ ಮಾರುಕಟ್ಟೆಯ ಹಮಾಲಿಗೆ, ಆರ್.ಟಿ. ನಗರದ ಆಟೊ ಚಾಲಕನಿಗೆ ಭರವಸೆಯ ಹೆಸರೆಂದರೆ ನಿಮ್ಹಾನ್ಸ್. ಯಲಹಂಕದಿಂದ ಅದು ಇಪ್ಪತ್ತು ಕಿಲೊಮೀಟರ್‌ಗೂ ದೂರ, ಅದೂ ಹೆಬ್ಬಾಳದ ಟ್ರಾಫಿಕ್ ದಾಟಿ. ಹೀಗೆ ಕಂಗೆಟ್ಟ ಮನೆಯವರಿಗೆ ಹತ್ತಿರ ಕಾಣುವುದು ‘ರಿಹ್ಯಾಬ್’ ಬೋರ್ಡು: ‘ನಾವೇ ಗಾಡಿ ಕಳಿಸುತ್ತೇವೆ, ಮೂರು ತಿಂಗಳು ಬಿಟ್ಟು ಬನ್ನಿ’.

ಒಳ್ಳೆಯ ಕೇಂದ್ರಗಳೂ ಇವೆ. ಆದರೆ ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಸಾಗಿದರೆ ಸಿಗುವ ನೆಲಮಂಗಲದ ಬಳಿ, ಖಾಸಗಿ ಪುನರ್ವಸತಿ ಕೇಂದ್ರವೊಂದರಲ್ಲಿ ದಾಖಲಾಗಿದ್ದ ವ್ಯಕ್ತಿಯನ್ನು ದೊಣ್ಣೆಯಿಂದ ಥಳಿಸಿದ ದೃಶ್ಯ 2025ರ ಏಪ್ರಿಲ್‌ನಲ್ಲಿ ಬಯಲಾಯಿತು. ಕಾನೂನು ಇಲ್ಲವೆಂದಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ, ಮಾದಕವಸ್ತು ಸೇವನೆಯಿಂದಾಗುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯಾನದೊಳಗೆ ತಂದಿದೆ. ಅದರಂತೆ ಕೇಂದ್ರಗಳಿಗೆ ನೋಂದಣಿ ಕಡ್ಡಾಯ, ಸರಪಳಿ ಹಾಕುವುದು ನಿಷಿದ್ಧ. ರೋಗಿ ಸ್ವತಃ ನಿರ್ಧರಿಸಲಾಗದ ಸ್ಥಿತಿಯಲ್ಲಿದ್ದರೆ, ಮನೋವೈದ್ಯರೂ ಸೇರಿ ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿದ ಮೇಲಷ್ಟೇ ದಾಖಲಿಸಿಕೊಳ್ಳಬಹುದು. ಮೊದಲ ಅವಧಿ 30 ದಿನ ಮೀರುವಂತಿಲ್ಲ. ನೋಂದಣಿಯಿಲ್ಲದೆ ನಡೆಸಿದರೆ ಮೊದಲ ತಪ್ಪಿಗೆ ದಂಡ ಗರಿಷ್ಠ 50 ಸಾವಿರ ರೂಪಾಯಿ. ತಿಂಗಳ ಶುಲ್ಕ ಎಣಿಸುವ ಮಾಲೀಕನಿಗೆ ಇದು ಯಾವ ಲೆಕ್ಕ?

‘ಎಲ್ಲಾದರೂ ಇಟ್ಟುಕೊಳ್ಳಿ, ನಮಗೆ ನೆಮ್ಮದಿ ಕೊಡಿ’ ಎನ್ನುವ ಹೆಂಡತಿಯನ್ನೋ ತಾಯಿಯನ್ನೋ ದೂರುವುದು ಸುಲಭ. ಏಟು ತಿಂದು, ಸಾಲ ತೀರಿಸಿ ಸುಸ್ತಾದವರು ಅವರು. ಸರ್ಕಾರಿ ಬಾಗಿಲು ತೆರೆದಿದ್ದರೆ ಅವರೇಕೆ ಅಪರಿಚಿತರ ಗಾಡಿ ಹತ್ತಿಸುತ್ತಿದ್ದರು? ಕೇಂದ್ರ ಸರ್ಕಾರವು ಏಮ್ಸ್ ಮೂಲಕ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಮಂದಿಯಲ್ಲಿ ಒಬ್ಬರಿಗಷ್ಟೇ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಒಳರೋಗಿಯಾಗಿ ಸಿಕ್ಕಿದ್ದು 180ರಲ್ಲಿ ಒಬ್ಬರಿಗೆ.

ಈ ಐದಾರು ದಿನದ ಚಿಕಿತ್ಸೆ, ಅಂದರೆ ಡಿಟಾಕ್ಸ್, ಆದರೆ ಕುಡಿತ ಬಿಟ್ಟಂತೆ ಎಂಬುದೂ ತಪ್ಪು ಎಣಿಕೆ. ಅದು ದೇಹವನ್ನು ಅಪಾಯದಿಂದ ಪಾರುಮಾಡುತ್ತದೆ, ಅಷ್ಟೆ. ಹೆರಾಯಿನ್, ಟ್ಯಾಪೆಂಟಡಾಲ್‌ನಂಥ ಓಪಿಯಾಯ್ಡ್‌ಗಳ ವಿಷಯದಲ್ಲಂತೂ ಕಥೆ ತಿರುವುಮುರುವು: ಬಿಡುವಾಗಿನ ನರಳಾಟ ಜೀವ ತೆಗೆಯುವುದು ಅಪರೂಪ, ಬಿಟ್ಟು ಹೊರಬಂದವರು ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ತಾಳುವ ಶಕ್ತಿ ಕುಂದಿದ ದೇಹ ಸೋಲುತ್ತದೆ. ಅವರಿಗೆ ಬುಪ್ರೆನಾರ್ಫಿನ್‌ನಂಥ ಔಷಧ ದೀರ್ಘಕಾಲ ಬೇಕಾಗುತ್ತದೆ. ಎಲ್ಲ ವ್ಯಸನಕ್ಕೂ ಒಂದೇ 90 ದಿನದ ಪ್ಯಾಕೇಜ್ ಮಾರುವುದು ಚಿಕಿತ್ಸೆಯಲ್ಲ.

ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಮದ್ಯವರ್ಜನ ಶಿಬಿರಗಳಿಂದ ಕಲಿಯಬಹುದಾದ್ದು ಇಲ್ಲಿದೆ. ಶಿಬಿರ ಮುಗಿಯುವುದು ಎಂಟು ದಿನದಲ್ಲಿ. ಆಮೇಲೆ ‘ನವಜೀವನ ಸಮಿತಿ’ಗಳು ಊರಲ್ಲೇ ಬೆನ್ನಿಗೆ ನಿಲ್ಲುತ್ತವೆ. ನಗರದ ಬಡಾವಣೆಗಳಲ್ಲಿ ಆ ಬೆನ್ನಾಸರೆಯನ್ನು ಹೊರರೋಗಿ ವಿಭಾಗವೂ ಆಪ್ತಸಮಾಲೋಚಕರೂ ಕೊಡಬೇಕು.

ಆದ್ದರಿಂದ ಯಲಹಂಕದ ಸರ್ಕಾರಿ ಆಸ್ಪತ್ರೆ, ಮಲ್ಲೇಶ್ವರದ ಕೆ.ಸಿ. ಜನರಲ್‌ಗಳಲ್ಲಿ ನಾಲ್ಕೈದು ಹಾಸಿಗೆ ಇದಕ್ಕೆಂದೇ ಮೀಸಲಿರಲಿ. ನಿಮ್ಹಾನ್ಸ್ ಅಲ್ಲಿನ ವೈದ್ಯರಿಗೆ ತರಬೇತಿ ಕೊಡಲಿ, ಕಷ್ಟದ ಪ್ರಕರಣಗಳಲ್ಲಿ ಫೋನಿನಲ್ಲಿ ಜೊತೆಗಿರಲಿ. ನೋಂದಾಯಿತ ಕೇಂದ್ರಗಳ ಪಟ್ಟಿ ಪ್ರತಿ ಠಾಣೆ, ಪ್ರತಿ ಸರ್ಕಾರಿ ಆಸ್ಪತ್ರೆಯ ಗೋಡೆಯ ಮೇಲಿರಲಿ. ಟೆಲಿಮನಸ್ 14416, ವ್ಯಸನಮುಕ್ತಿಯ 14446 ಸಂಖ್ಯೆಗಳೂ ಅದರ ಪಕ್ಕದಲ್ಲಿರಲಿ.

ಇದು ಕನಸಿನ ಯೋಜನೆಯೇನಲ್ಲ. ಮಾನಸಿಕ ಚಿಕಿತ್ಸೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಯ್ಯಬಹುದೆಂದು 1980ರ ದಶಕದಲ್ಲಿ ಬಳ್ಳಾರಿಯಲ್ಲಿ ಮಾಡಿ ತೋರಿಸಿ, ದೇಶಕ್ಕೆ ಮಾದರಿಯಾದ ರಾಜ್ಯ ನಮ್ಮದು. 2025–26ರ ಬಜೆಟ್‌ನಲ್ಲಿ ಅಬಕಾರಿಯಿಂದ 40 ಸಾವಿರ ಕೋಟಿ ರೂಪಾಯಿ ನಿರೀಕ್ಷಿಸಿದ ಸರ್ಕಾರವೂ ನಮ್ಮದೇ. ಕುಡಿಯುವವರ ಜೇಬಿನಿಂದ ಇಷ್ಟು ಪಡೆಯುವವರು, ಅವರು ಬಿಡಲು ನಿರ್ಧರಿಸಿದ ದಿನ ಒಂದು ಹಾಸಿಗೆ ಕೊಡಲು ಹಣವಿಲ್ಲ ಎನ್ನುವಂತಿಲ್ಲ.